ಕೋಡಿ ಬೀಳದ ಕೊಳವೆ

ಚಿತ್ರದುರ್ಗದ ಕೋಟೆಯನ್ನು ಏರಿ ಬಂದವರು ಅಲ್ಲಿನ ಜಲವ್ಯವಸ್ಥೆಯ ಜಾಣ್ಮೆಯನ್ನು ಬಲ್ಲರು: ಗೋಪಾಲಸ್ವಾಮಿ ಹೊಂಡ ತುಂಬಿತೆಂದರೆ ಮಿಕ್ಕ ನೀರು ಅಕ್ಕ-ತಂಗಿಯರ ಹೊಂಡಕ್ಕಿಳಿದು, ಅಲ್ಲಿಂದ ಸಿಹಿನೀರು ಹೊಂಡಕ್ಕೂ ಕಡೆಗೆ ಊರೊಳಗಿನ ಸಂತೆಹೊಂಡಕ್ಕೂ ಸಾಗುವುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಗ್ ಮೆಕಿಲ್‌ರಾಯ್ 1964ರಲ್ಲಿ, ತೋಟದ ರಬ್ಬರು ಕೊಳವೆಗಳನ್ನು ಸಿಕ್ಕಿಸುವಂತೆ ಗಣಕದ ಪ್ರೋಗ್ರಾಮುಗಳನ್ನೂ ಒಂದಕ್ಕೊಂದು ಜೋಡಿಸಬೇಕೆಂದು ಬರೆದಿಟ್ಟ ಟಿಪ್ಪಣಿ ಇಂತಹದೇ ಆಲೋಚನೆ; ಅದನ್ನು ಕೆನ್ ಥಾಂಪ್ಸನ್ 1973ರಲ್ಲಿ ಗಣಕವನ್ನು ನಡೆಸುವ ವ್ಯವಸ್ಥೆಯಾದ ಯುನಿಕ್ಸ್‌ಗೆ ಅಳವಡಿಸಿದರು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮನಾಮಗಳು ಒಂದು ಕಡತದಲ್ಲಿ ಕಲಸಿಹೋಗಿವೆ ಎನ್ನಿ. ಅಕ್ಷರಕ್ರಮಕ್ಕೆ ತರುವುದು ‘ಸಾರ್ಟ್’ನ ಕೆಲಸ, ಪುನರುಕ್ತಿಯನ್ನು ಕಳೆಯುವುದು ‘ಯುನಿಕ್’ನದು. ಇವೆರಡನ್ನೂ ಕೂಡಿಸುವ, ನಮ್ಮ ಆಜ್ಞೆಗಳನ್ನು ನಡೆಸಿಕೊಡುವ ಶೆಲ್ ಮೊದಲು ‘ಪೈಪ್’ ಎಂದು ವ್ಯವಸ್ಥೆಯ ತಿರುಳಾದ ಕರ್ನೆಲ್ಲನ್ನು ಕೇಳಿ, ಬರೆಯುವ ತುದಿ ಒಂದು, ಓದುವ ತುದಿ ಒಂದು ಪಡೆಯುವುದು; ಅನಂತರ ‘ಫೋರ್ಕ್’ ಎಂದು ಎರಡು ಬಾರಿ ಕರೆದು ತನ್ನದೇ ಪ್ರತಿರೂಪವಾದ ಎರಡು ಮಕ್ಕಳನ್ನು ಹೆರುವುದು. ಈ ಕರೆಗೆ ತಾಯಿಗೆ ದೊರೆಯುವ ಉತ್ತರ ಮಗುವಿನ ಸಂಖ್ಯೆ, ಮಗುವಿಗೆ ದೊರೆಯುವುದು ಸೊನ್ನೆ. ತಾನಾರೆಂಬುದನ್ನು ಅದು ಅರಿಯುವುದು ಇದರಿಂದಲೇ. ಹುಟ್ಟಿದ ಮೇಲೆ ತೋಡಿದ ಕೊಳವೆ ಮಕ್ಕಳ ಪಾಲಿಗೆ ಬಾರದಾದುದರಿಂದ ಕ್ರಮವನ್ನು ತಿರುಗಿಸುವಂತಿಲ್ಲ. ತಂತಮ್ಮ ತುದಿಯನ್ನು ‘ಡ್ಯೂಪ್2’ರಿಂದ ಸರಿಯಾದ ಸ್ಥಾನಕ್ಕೆ ಸಿಕ್ಕಿಸಿಕೊಂಡ ಮಕ್ಕಳು ಕಡೆಗೆ ‘ಎಕ್ಸೆಕ್’ ಎನ್ನುವರು. ಪರಕಾಯಪ್ರವೇಶದ ಕಥೆಗಳಲ್ಲಿ ಆತ್ಮ ಅದೇ, ದೇಹ ಬೇರೆ; ಇಲ್ಲಿ ಸಂಖ್ಯೆಯೂ ತೆರೆದ ತುದಿಗಳೂ ಹಾಗೆಯೇ ಉಳಿದು, ಒಳಗಿನ ಪ್ರೋಗ್ರಾಮು ಮಾತ್ರ ಬೇರೆಯಾಗುವುದು.

ಮೊದಲ ಸಲ ಈ ಜೋಡಣೆಯ ಪ್ರೋಗ್ರಾಮನ್ನು ಬರೆದಾಗ ತಾಯಿಯ ಕೈಯಲ್ಲಿದ್ದ ಬರೆಯುವ ತುದಿಯನ್ನು ಮುಚ್ಚಲು ಮರೆತು, ಪರದೆಯ ಮುಂದೆ ಒಂದು ಸಂಜೆಯನ್ನೇ ಕಳೆದೆನು. ಬರೆಯುವ ತುದಿ ಎಲ್ಲಿಯಾದರೂ ಒಂದು ತೆರೆದಿರುವವರೆಗೂ, ನೀರು ಇನ್ನೂ ಬಂದೀತೆಂದು ಯುನಿಕ್ ಕಾಯುತ್ತಲೇ ಇರುವುದು.

ಹೊಂಡಗಳ ಹೋಲಿಕೆ ಒಂದೆಡೆ ಸೋಲುವುದೆಂಬುದನ್ನೂ ಹೇಳಬೇಕು. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಯುನಿಕ್ಸ್ ಮಾದರಿಯ ಲಿನಕ್ಸ್‌ನ ಕೊಳವೆಯಾದರೋ ಸಾಮಾನ್ಯವಾಗಿ 65,536 ಬೈಟುಗಳಷ್ಟೇ ಹಿಡಿದರೂ ಎಂದೂ ಕೋಡಿ ಬೀಳದು. ತುಂಬಿದೊಡನೆ ಬರೆಯುವವನನ್ನು ಕರ್ನೆಲ್ ಮಲಗಿಸಿ, ಓದುವವನು ಜಾಗ ಮಾಡಿಕೊಟ್ಟ ಮೇಲೆ ಎಬ್ಬಿಸುವುದು. ಈ ಸಂಯಮವೇ, ನನ್ನ ಮಟ್ಟಿಗೆ, ಇಡೀ ರಚನೆಯ ಸೊಗಸು.

ಕೆಲಸ ಮುಗಿಸಿದ ಮಕ್ಕಳ ಲೆಕ್ಕವನ್ನು ತಾಯಿ ‘ವೇಟ್’ ಎಂದು ಕೇಳಿ ಪಡೆಯಬೇಕು. ಪಡೆಯುವವರೆಗೂ ಸತ್ತ ಮಗುವಿನ ಹೆಸರು ಪಟ್ಟಿಯಿಂದ ಅಳಿಯದು. ‘ಪಿಎಸ್’ ಆಜ್ಞೆಯ ಪಟ್ಟಿಯಲ್ಲಿ ಅಂಥವುಗಳ ಮುಂದೆ ‘ಝಡ್’ ಎಂಬ ಅಕ್ಷರವಿರುವುದು.