ಕೈಮುಗಿದು ಶಾಂತಿ ಕೋರುವಾಗ ನಾವು ಏನನ್ನು ಕೋರುತ್ತೇವೆ?



ಪ್ರತಿ ಭಾನುವಾರ ಬಲಿಪೂಜೆಯಲ್ಲಿ, ಪ್ರಭು ಕಲಿಸಿದ ಪ್ರಾರ್ಥನೆ ಮುಗಿದ ಮೇಲೆ ಗುರುಗಳು ನಮಗೆ ಶಾಂತಿಯನ್ನು ಹರಸುತ್ತಾರೆ. ನಾವು ಬಲಕ್ಕೊಮ್ಮೆ, ಎಡಕ್ಕೊಮ್ಮೆ ತಿರುಗಿ ಕೈಮುಗಿಯುತ್ತೇವೆ. ಅರ್ಧ ನಿಮಿಷದ ಕ್ರಿಯೆ. ಪಕ್ಕದಲ್ಲಿ ಗುರುತಿನವರಿದ್ದರೆ ಒಂದು ನಗು, ಗುರುತಿಲ್ಲದವರಿದ್ದರೆ ತಲೆಬಾಗಿ ಒಂದು ನಮಸ್ಕಾರ. ಅಷ್ಟರಲ್ಲಿ ಮುಂದಿನ ಗಾಯನ ಆರಂಭವಾಗುತ್ತದೆ. ಈ ಅರ್ಧ ನಿಮಿಷದಲ್ಲಿ ನಾವು ಪರಸ್ಪರ ಏನನ್ನು ಕೋರುತ್ತಿದ್ದೇವೆ ಎಂದು ಎಂದಾದರೂ ಯೋಚಿಸಿದ್ದೇವೆಯೇ? ಕ್ರೈಸ್ತ ವಿಶ್ವಾಸದಲ್ಲಿ ಶಾಂತಿ ಎಂದರೆ ಏನು ಎಂಬುದನ್ನು ಈ ಸಣ್ಣ ಕ್ರಿಯೆಯಿಂದಲೇ ಅರಿಯಲು ಪ್ರಯತ್ನಿಸೋಣ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ತಂದೆ ತೀರಿಕೊಂಡ ಮೇಲೆ ಆಸ್ತಿ ಪಾಲಾಯಿತು. ತಮ್ಮನ ಮನೆಗೆ ಹೋಗುವ ದಾರಿ ಅಣ್ಣನ ಅಡಿಕೆ ತೋಟದ ಅಂಚಿನಲ್ಲಿತ್ತು. ಅಣ್ಣ ಬೇಲಿ ಹಾಕಿದರು. ಅಲ್ಲಿಂದ ಮಾತು ನಿಂತಿತು. ಇಬ್ಬರೂ ಒಂದೇ ಬಲಿಪೂಜೆಗೆ ಬರುತ್ತಿದ್ದರು. ಒಬ್ಬರು ಮುಂದಿನ ಬೆಂಚಿನಲ್ಲಿ, ಇನ್ನೊಬ್ಬರು ಹಿಂದೆ ಬಾಗಿಲಿನ ಬಳಿ. ಶಾಂತಿ ಕೋರುವಾಗ ಇಬ್ಬರೂ ಎಲ್ಲರಿಗೂ ಕೈಮುಗಿಯುತ್ತಿದ್ದರು, ಒಬ್ಬರನ್ನು ಮಾತ್ರ ಬಿಟ್ಟು. ಒಂದು ಭಾನುವಾರ ಪ್ರಸಂಗದಲ್ಲಿ ನಾನು ದಾರಿಗಾಗಿ ಜಗಳವಾಡಿ ಪರಮಪ್ರಸಾದ ಸ್ವೀಕರಿಸಲು ಬರುವ ಸಹೋದರರ ಬಗ್ಗೆ ಮಾತನಾಡಿದೆ. ಹೆಸರು ಹೇಳಲಿಲ್ಲ. ಆದರೆ ಊರಿನಲ್ಲಿ ಹೆಸರು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಮುಂದಿನ ಮೂರು ಭಾನುವಾರ ತಮ್ಮ ಇಗರ್ಜಿಗೆ ಬರಲಿಲ್ಲ. ಆತನ ಕಥೆಯನ್ನು ಮುಂದೆ ಪೂರ್ಣಗೊಳಿಸುತ್ತೇನೆ.

ಬೈಬಲಿನಲ್ಲಿ 'ಶಾಲೋಮ್'

ಶಾಂತಿ ಎಂದರೆ ಗಲಾಟೆ ಇಲ್ಲದಿರುವುದು ಎಂದು ನಾವು ತಿಳಿಯುತ್ತೇವೆ. ಹೀಬ್ರೂ ಭಾಷೆಯ 'ಶಾಲೋಮ್' ಎಂಬ ಪದಕ್ಕೆ ಇದಕ್ಕಿಂತ ಹೆಚ್ಚಿನ ಅರ್ಥವಿದೆ. ಅದರ ಮೂಲದಲ್ಲಿರುವುದು ಪೂರ್ಣತೆ, ಒಡೆಯದೆ ಇಡಿಯಾಗಿರುವುದು. ಆರೋಗ್ಯ, ಕ್ಷೇಮ, ಬೆಳೆ, ಕುಟುಂಬದ ಒಗ್ಗಟ್ಟು, ದೇವರೊಂದಿಗಿನ ಸಂಬಂಧ ಎಲ್ಲವೂ ಈ ಒಂದು ಪದದಲ್ಲಿ ಸೇರುತ್ತವೆ. ಸಾಲವನ್ನು ಪೂರ್ತಿಯಾಗಿ ತೀರಿಸುವುದಕ್ಕೂ ಇದೇ ಮೂಲದ ಕ್ರಿಯಾಪದ ಬಳಕೆಯಾಗುತ್ತದೆ.

ಆದಿಕಾಂಡದ 37ನೇ ಅಧ್ಯಾಯವನ್ನು ತೆರೆದು ನೋಡಿ. ಯಕೋಬನು ಜೋಸೆಫನನ್ನು ಹೆಚ್ಚು ಪ್ರೀತಿಸಿದ್ದರಿಂದ ಅವನ ಅಣ್ಣಂದಿರು ಅವನನ್ನು ದ್ವೇಷಿಸಿದರು. ಅವರಿಗೆ ಅವನೊಡನೆ ಶಾಲೋಮಿನಿಂದ ಮಾತನಾಡಲು ಆಗಲಿಲ್ಲ ಎಂದು ಮೂಲ ಪಠ್ಯ ತಿಳಿಸುತ್ತದೆ. ಸ್ವಲ್ಪ ಮುಂದೆ ತಂದೆ ಇದೇ ಜೋಸೆಫನನ್ನು ಕರೆದು, ಅಣ್ಣಂದಿರ ಶಾಲೋಮ್ ಹೇಗಿದೆ ಎಂದು ನೋಡಿಕೊಂಡು ಬರಲು ಕಳುಹಿಸುತ್ತಾನೆ. ಹೋದವನನ್ನು ಅವರು ಬಾವಿಗೆ ತಳ್ಳುತ್ತಾರೆ, ನಂತರ ಮಾರಿಬಿಡುತ್ತಾರೆ. ಮಾತು ನಿಂತ ಮನೆಯಲ್ಲಿ ಏನಾಗಬಹುದು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಆ ಮನೆಯಲ್ಲಿ ಹೊರಗಿನವರು ಕೇಳುವಂಥ ಗಲಾಟೆ ಇರಲಿಲ್ಲ. ಆದರೆ ಶಾಲೋಮ್ ಕೂಡ ಇರಲಿಲ್ಲ.

ಗಾಯವನ್ನು ತೊಳೆಯದೆ ಮೇಲೆ ಪಟ್ಟಿ ಕಟ್ಟಿ, ಎಲ್ಲವೂ ಶಾಂತವಾಗಿದೆ ಎಂದು ಸಾರುವ ಗುರುಗಳನ್ನೂ ಪ್ರವಾದಿಗಳನ್ನೂ ಯೆರೆಮೀಯನು ಖಂಡಿಸಿದ್ದಾನೆ (6:13-14). ನ್ಯಾಯನೀತಿಯ ಫಲವೇ ಶಾಂತಿ ಎಂದು ಯೆಶಾಯನು ತಿಳಿಸಿದ್ದಾನೆ (32:17). ಆದ್ದರಿಂದ 'ಸುಮ್ಮನಿರಿ, ಶಾಂತಿ ಕೆಡಿಸಬೇಡಿ' ಎಂದು ನೊಂದವರ ಬಾಯಿ ಮುಚ್ಚಿಸುವುದು ಬೈಬಲಿನ ಶಾಂತಿಯಲ್ಲ.

ಗಾಯಗಳನ್ನು ತೋರಿಸಿ ನೀಡಿದ ಶಾಂತಿ

ಯೇಸುಸ್ವಾಮಿ ಹುಟ್ಟಿದ ಕಾಲದಲ್ಲಿ ರೋಮ್ ಸಾಮ್ರಾಜ್ಯವೂ ಶಾಂತಿಯ ಬಗ್ಗೆ ಹೆಮ್ಮೆಪಡುತ್ತಿತ್ತು. ಸಾಮ್ರಾಟ ಅಗಸ್ಟಸ್‌ನ ವಿಜಯಗಳ ನಂತರ ರೋಮ್ ನಗರದಲ್ಲಿ ಕಟ್ಟಿದ ಶಾಂತಿಯ ಬಲಿಪೀಠವನ್ನು ಕ್ರಿ.ಪೂ. 9ರಲ್ಲಿ ಪ್ರತಿಷ್ಠಾಪಿಸಲಾಯಿತು. ಅದು ಇಂದಿಗೂ ಅಲ್ಲಿದೆ. ಆ ಶಾಂತಿ ಸೈನ್ಯದ ಬಲದಿಂದ ಬಂದದ್ದು, ಸೋತವರ ಮೌನದ ಮೇಲೆ ನಿಂತದ್ದು. ಅದೇ ಅಗಸ್ಟಸ್‌ನ ಕಾಲದಲ್ಲಿ, ಬೆತ್ಲೆಹೇಮಿನ ಕುರುಬರಿಗೆ ದೇವದೂತರು ಬೇರೊಂದು ಶಾಂತಿಯನ್ನು ಸಾರಿದರೆಂದು ಸಂತ ಲೂಕರು ಬರೆಯುತ್ತಾರೆ.

ಆ ಶಾಂತಿ ಎಂಥದ್ದು ಎಂಬುದು ಪುನರುತ್ಥಾನದ ಸಂಜೆ ತಿಳಿಯುತ್ತದೆ. ಸಂತ ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯದಲ್ಲಿ ಶಿಷ್ಯರು ಭಯದಿಂದ ಬಾಗಿಲು ಮುಚ್ಚಿಕೊಂಡು ಕುಳಿತಿದ್ದಾರೆ. ಅವರು ಭಯಪಡಲು ಹೊರಗಿನ ಜನರಷ್ಟೇ ಕಾರಣರಲ್ಲ ಎಂದು ನನಗನಿಸುತ್ತದೆ. ತಾವೇ ಬಿಟ್ಟು ಓಡಿಹೋದ ಗುರು ಎದ್ದು ಬಂದಿದ್ದಾರೆ ಎಂಬ ಸುದ್ದಿ ಬೆಳಿಗ್ಗೆಯೇ ಬಂದಿತ್ತು. ಎದುರಾದರೆ ಏನು ಕೇಳುವರೋ? ಆದರೆ ಪ್ರಭು ಬಂದು ಶಾಂತಿಯನ್ನು ಹರಸಿದರು. ಒಂದು ದೂರಿನ ಮಾತೂ ಇಲ್ಲ. ಆದರೆ ಹರಸಿದ ಕೂಡಲೇ ತಮ್ಮ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದರು.

ಇಲ್ಲಿ ಎರಡು ವಿಷಯಗಳಿವೆ. ಪ್ರಭು ಗಾಯಗಳನ್ನು ಮುಚ್ಚಿಡಲಿಲ್ಲ. ನಡೆದದ್ದು ನಡೆಯಲೇ ಇಲ್ಲ ಎಂಬಂತೆ ವರ್ತಿಸಲಿಲ್ಲ. ಹಾಗೆಯೇ, ಆ ಗಾಯಗಳನ್ನು ಯಾರ ಮೇಲೂ ಆರೋಪವಾಗಿ ಹೊರಿಸಲಿಲ್ಲ. ಸತ್ಯವನ್ನು ಬಚ್ಚಿಡದೆ, ಸೇಡನ್ನೂ ಬಯಸದೆ ನೀಡಿದ ಶಾಂತಿ ಅದು. ಅದೇ ಸಂಜೆ ಪವಿತ್ರಾತ್ಮರನ್ನು ನೀಡಿ, ಪಾಪಗಳನ್ನು ಕ್ಷಮಿಸುವ ಅಧಿಕಾರವನ್ನೂ ಶಿಷ್ಯರಿಗೆ ಒಪ್ಪಿಸಿದರು. ಕ್ರೈಸ್ತ ಶಾಂತಿ ಕ್ಷಮೆಯೊಂದಿಗೇ ಹುಟ್ಟಿತು.

ಬಲಿಪೂಜೆಯಲ್ಲಿ ಶಾಂತಿಯ ಸ್ಥಾನ

ನಾವು ಕೋರುವ ಶಾಂತಿ ಈ ಪುನರುತ್ಥಾನದ ಶಾಂತಿ. ಸುಮಾರು ಕ್ರಿ.ಶ. 155ರಲ್ಲಿ ರೋಮಿನಲ್ಲಿ ಬರೆದ ಸಂತ ಜಸ್ಟಿನ್, ಪ್ರಾರ್ಥನೆಗಳು ಮುಗಿದ ಮೇಲೆ, ರೊಟ್ಟಿ ಮತ್ತು ದ್ರಾಕ್ಷಾರಸವನ್ನು ತರುವ ಮೊದಲು, ಭಕ್ತರು ಮುತ್ತಿನ ಮೂಲಕ ಪರಸ್ಪರ ವಂದಿಸುತ್ತಿದ್ದರೆಂದು ವಿವರಿಸಿದ್ದಾರೆ. ಕಾಣಿಕೆ ಅರ್ಪಿಸುವ ಮೊದಲು ಸಹೋದರನೊಂದಿಗೆ ರಾಜಿಯಾಗು ಎಂಬ ಯೇಸುವಿನ ಆಜ್ಞೆಗೆ (ಮತ್ತಾಯ 5:23-24) ಇದು ಹೊಂದುತ್ತದೆ. ಪೂರ್ವದ ಧರ್ಮಸಭೆಗಳಲ್ಲಿ ಇಂದಿಗೂ ಇದೇ ಕ್ರಮವಿದೆ. ನಮ್ಮ ನೆರೆಯ ಬೆಳ್ತಂಗಡಿ ಧರ್ಮಪ್ರಾಂತ್ಯದ ಸಿರೋ ಮಲಬಾರ್ ಬಲಿಪೂಜೆಯಲ್ಲಿ ಭಾಗವಹಿಸಿದವರು ಇದನ್ನು ಗಮನಿಸಿರಬಹುದು.

ರೋಮನ್ ವಿಧಿಯಲ್ಲಿ ಇದು ಪರಮಪ್ರಸಾದದ ಮೊದಲು ಬರುತ್ತದೆ. 416ರಲ್ಲಿ ಮೊದಲನೇ ಇನ್ನೊಸೆಂಟ್ ಪೋಪರು ಗುಬ್ಬಿಯೊದ ಬಿಷಪರಿಗೆ ಬರೆದ ಪತ್ರದಲ್ಲಿ, ಶಾಂತಿಯ ವಂದನೆಯು ಪವಿತ್ರ ರಹಸ್ಯಗಳೆಲ್ಲ ನೆರವೇರಿದ ಮೇಲೆ ಬರಬೇಕು, ಅದು ಜನರು ಒಪ್ಪಿಗೆಯಿಂದ ಒತ್ತುವ ಮುದ್ರೆಯಂತೆ ಎಂಬ ಅರ್ಥದಲ್ಲಿ ತಿಳಿಸಿದ್ದಾರೆ. ಪ್ರಭುವಿನ ದೇಹ ಪೀಠದ ಮೇಲೆ ಇದೆ. ಅದನ್ನು ಸ್ವೀಕರಿಸುವ ಮೊದಲು, ಅದೇ ದೇಹದ ಅಂಗಗಳಾದ ನಾವು ಪರಸ್ಪರ ತಿರುಗಿ ನೋಡುತ್ತೇವೆ.

ಭಾರತದಲ್ಲಿ ಮುತ್ತಿನ ಬದಲಾಗಿ ಕೈಮುಗಿದು ವಂದಿಸುವ ಅವಕಾಶವು 1969ರಲ್ಲಿ ರೋಮ್ ಅನುಮೋದಿಸಿದ 12 ಹೊಂದಾಣಿಕೆಗಳಲ್ಲಿ ಸೇರಿತ್ತು. ಕೈಮುಗಿಯುವುದು ನಮ್ಮ ಜನರ ಗೌರವದ ಭಾಷೆ. ಅಹಂಕಾರವನ್ನು ಬದಿಗಿಟ್ಟು ತಲೆಬಾಗಿಸುವ ಈ ಕ್ರಿಯೆ ಶಾಂತಿಯ ಅರ್ಥಕ್ಕೆ ಬಹಳ ಹೊಂದುತ್ತದೆ.

ಗಾಯನ ಮಂಡಳಿಯವರಿಗೂ ಪೂಜಾವಿಧಿ ಸಮಿತಿಯವರಿಗೂ ಒಂದು ಮಾತು. 2014ರಲ್ಲಿ ದೈವಾರಾಧನಾ ವಿಭಾಗವು ಹೊರಡಿಸಿದ ಸುತ್ತೋಲೆಯ ಪ್ರಕಾರ, ಈ ಸಮಯದಲ್ಲಿ ಪ್ರತ್ಯೇಕ 'ಶಾಂತಿ ಗೀತೆ' ಹಾಡಬಾರದು. ಭಕ್ತರು ತಮ್ಮ ಸ್ಥಳ ಬಿಟ್ಟು ಓಡಾಡಬಾರದು. ಗುರುಗಳು ಪೀಠ ಬಿಟ್ಟು ಕೆಳಗೆ ಬರಬಾರದು. ಕ್ರಿಸ್ಮಸ್, ಪಾಸ್ಖ, ಮದುವೆ, ಉತ್ತರಕ್ರಿಯೆಗಳಲ್ಲಿ ಇದನ್ನು ಅಭಿನಂದನೆ ಅಥವಾ ಸಾಂತ್ವನ ಹೇಳುವ ಸಮಯವಾಗಿ ಮಾಡಬಾರದು. ಇದು ಸಂತೋಷಕ್ಕೆ ಹಾಕಿದ ತಡೆಯಲ್ಲ. ಶಾಂತಿ ನಮ್ಮ ಉತ್ಸಾಹದಿಂದ ಹುಟ್ಟುವುದಿಲ್ಲ, ಪೀಠದ ಮೇಲಿರುವ ಪ್ರಭುವಿನಿಂದ ಬರುತ್ತದೆ ಎಂಬುದು ಮರೆಯಾಗಬಾರದು, ಅಷ್ಟೇ.

ನಾಲ್ಕು ಆಧಾರಗಳು

1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಅಮೆರಿಕ ಮತ್ತು ಸೋವಿಯೆತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದಿದ್ದವು. ಕೆಲವೇ ತಿಂಗಳ ನಂತರ, 1963ರ ಏಪ್ರಿಲ್ 11ರಂದು, ಸಂತ 23ನೇ ಜಾನ್ ಪೋಪರು 'ಪಾಚೆಮ್ ಇನ್ ತೆರ್ರಿಸ್' ಎಂಬ ವಿಶ್ವಪತ್ರವನ್ನು ಪ್ರಕಟಿಸಿದರು. ಕಥೋಲಿಕರಿಗೆ ಮಾತ್ರವಲ್ಲ, ಸದ್ಭಾವನೆಯ ಎಲ್ಲ ಜನರಿಗೂ ಅದನ್ನು ಬರೆದರು. ಶಾಂತಿಯು ಸತ್ಯ, ನ್ಯಾಯ, ಪ್ರೀತಿ, ಸ್ವಾತಂತ್ರ್ಯ ಎಂಬ ನಾಲ್ಕು ಆಧಾರಗಳ ಮೇಲೆ ನಿಲ್ಲಬೇಕು ಎಂಬುದು ಅದರ ಬೋಧನೆಯ ಸಾರ. ಸಂತ 6ನೇ ಪೌಲ್ ಪೋಪರು 1968ರ ಜನವರಿ 1ರಿಂದ ವಿಶ್ವ ಶಾಂತಿ ದಿನವನ್ನು ಆರಂಭಿಸಿದರು. 2002ರ ಶಾಂತಿ ದಿನದ ಸಂದೇಶದಲ್ಲಿ ಸಂತ 2ನೇ ಜಾನ್ ಪೌಲ್ ಪೋಪರು, ನ್ಯಾಯವಿಲ್ಲದೆ ಶಾಂತಿಯಿಲ್ಲ, ಕ್ಷಮೆಯಿಲ್ಲದೆ ನ್ಯಾಯ ಪೂರ್ಣವಾಗದು ಎಂದು ಬೋಧಿಸಿದರು. 2025ರ ಮೇ 8ರಂದು ಆಯ್ಕೆಯಾದ 14ನೇ ಲಿಯೋ ಪೋಪರು ಜನರೆದುರು ಬಂದು ಆಡಿದ ಮೊದಲ ಮಾತೂ ಪುನರುತ್ಥಾನದ ಸಂಜೆಯ ಆ ಶಾಂತಿಯ ಹರಕೆಯೇ.

ಇವು ದೊಡ್ಡ ರಾಷ್ಟ್ರಗಳ ಮಾತು, ನಮ್ಮ ವಾಡೊಗಳಿಗೆ ಏನು ಸಂಬಂಧ ಎನ್ನಬೇಡಿ. ಆ ಅಣ್ಣತಮ್ಮಂದಿರ ಕಥೆಗೆ ಮರಳೋಣ.

ನಾಲ್ಕನೇ ವಾರ ನಾನು ತಮ್ಮನ ಮನೆಗೆ ಹೋದೆ. ಆತ ಕುಳಿತುಕೊಳ್ಳಲು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಫಾದರ್, ನೀವು ಪೀಠದಿಂದ ಹೇಳಿದ್ದು ಇಡೀ ಊರಿಗೆ ಅರ್ಥವಾಯಿತು. ಮೊದಲು ಮನೆಗೆ ಬಂದು ಒಂದು ಮಾತು ಕೇಳಬಹುದಿತ್ತಲ್ಲ?" ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ಮಾಡಿದ ಸಹೋದರನನ್ನು ಮೊದಲು ಒಂಟಿಯಾಗಿ ಭೇಟಿಮಾಡಬೇಕು ಎಂದು ಪ್ರಭು ಕಲಿಸಿದ್ದಾರೆ (ಮತ್ತಾಯ 18:15). ನಾನು ಅದನ್ನು ತಲೆಕೆಳಗೆ ಮಾಡಿದ್ದೆ. ಕ್ಷಮೆ ಕೇಳಿದೆ. ಶಾಂತಿಯ ಬಗ್ಗೆ ಬೋಧಿಸಿದವನೇ ಮೊದಲು ಕ್ಷಮೆ ಕೇಳಬೇಕಾಯಿತು.

ನಂತರ ಗುರಿಕಾರರ ಮೂಲಕ ಇಬ್ಬರನ್ನೂ ಒಪ್ಪಿಸಿ ಸರ್ವೇಯರ್ ಕರೆಸಿ ಅಳತೆ ಮಾಡಿಸಲಾಯಿತು. ಅಣ್ಣನ ಬೇಲಿ ಒಂದು ಕಡೆ ಒಂದೂವರೆ ಅಡಿ ಹೊರಗಿತ್ತು. ತಮ್ಮನ ಹಟ್ಟಿಯ ಮೂಲೆ ಅಣ್ಣನ ಜಾಗದಲ್ಲಿತ್ತು. ಇಬ್ಬರೂ ತಾವೇ ಸರಿ ಎಂದು ಏಳು ವರ್ಷ ಮಾತು ಬಿಟ್ಟಿದ್ದರು. ಅಳತೆಯಿಂದ ಸತ್ಯ ತಿಳಿಯಿತು. ಆಟೋರಿಕ್ಷಾ ಹೋಗುವಷ್ಟು ದಾರಿ ಬಿಡಬೇಕು, ಹಟ್ಟಿಯನ್ನು ಕೀಳಬಾರದು ಎಂದು ಬರೆದುಕೊಂಡರು. ಅದು ನ್ಯಾಯ. ಯಾರೂ ಒತ್ತಾಯ ಮಾಡದೆ ಇಬ್ಬರೂ ಸಹಿ ಹಾಕಿದರು. ಅದು ಸ್ವಾತಂತ್ರ್ಯ. ಇನ್ನು ಪ್ರೀತಿ? ಅದಕ್ಕೆ ಸಮಯ ಬೇಕಾಯಿತು. ಮೊಂತಿ ಹಬ್ಬದ ಹೊಸ ಅಕ್ಕಿಯ ಊಟಕ್ಕೆ ಅವರು ಇನ್ನೂ ಒಟ್ಟಿಗೆ ಕುಳಿತಿಲ್ಲ. ಆದರೆ ತಮ್ಮನ ಮಗಳ ರೋಸ್ ದಿನ ದೊಡ್ಡಪ್ಪ ಬಂದು ಹಣೆಗೆ ತೆಂಗಿನ ಹಾಲು ಹಚ್ಚಿ ಹರಸಿದರೆಂದು ಕೇಳಿದೆ.

ಇನ್ನೊಬ್ಬರು ಒಪ್ಪದಿದ್ದರೆ?

ಅನೇಕರು ಕೇಳುವ ಪ್ರಶ್ನೆ ಇದು. ಸಂತ ಪೌಲರ ಉತ್ತರ ವಾಸ್ತವಕ್ಕೆ ಹತ್ತಿರವಾಗಿದೆ: ನಿಮ್ಮಿಂದ ಸಾಧ್ಯವಾದಷ್ಟು ಮಟ್ಟಿಗೆ ಎಲ್ಲರೊಂದಿಗೆ ಶಾಂತಿಯಿಂದಿರಲು ಅವರು ಕೇಳುತ್ತಾರೆ (ರೋಮ 12:18). ನಮ್ಮ ಪಾಲನ್ನು ನಾವು ಮಾಡಬೇಕು. ಇನ್ನೊಬ್ಬರ ಹೃದಯದ ಬಾಗಿಲು ನಮ್ಮ ಕೈಯಲ್ಲಿಲ್ಲ. ಹಾಗೆಯೇ, ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ 'ಶಾಂತಿಗಾಗಿ ಸಹಿಸಿಕೋ' ಎಂದು ಹೇಳುವುದು ಶಾಂತಿಯ ಬೋಧನೆಯಲ್ಲ. ಆಕೆಗೆ ಮೊದಲು ರಕ್ಷಣೆ ಬೇಕು. ಕ್ಷಮಿಸುವುದು ಎಂದರೆ ಅನ್ಯಾಯ ಮುಂದುವರಿಯಲು ಬಿಡುವುದಲ್ಲ.

ಕರಾವಳಿಯ ಕ್ರೈಸ್ತರಾದ ನಾವು 2008ರ ಸೆಪ್ಟೆಂಬರ್ 14ನ್ನು ಮರೆತಿಲ್ಲ. ಅಂದು ಮಂಗಳೂರಿನಲ್ಲಿ ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿ ನಡೆಯಿತು. ಆ ಗಾಯವನ್ನು ಮುಚ್ಚಿಡಬೇಕಾಗಿಲ್ಲ, ಸತ್ಯವನ್ನೂ ನ್ಯಾಯವನ್ನೂ ಕೇಳುವುದು ತಪ್ಪಲ್ಲ. ಆದರೆ ಅದನ್ನು ನೆರೆಯವರನ್ನೆಲ್ಲ ಸಂಶಯದಿಂದ ನೋಡಲು ಕಾರಣ ಮಾಡಿಕೊಂಡರೆ, ಪುನರುತ್ಥಾನದ ಸಂಜೆ ಪ್ರಭು ತೋರಿದ ಹಾದಿಯಿಂದ ನಾವು ದೂರವಾಗುತ್ತೇವೆ.

ನಾವು ಏನು ಮಾಡಬಹುದು?

ಮುಂದಿನ ಭಾನುವಾರ ಶಾಂತಿ ಕೋರುವ ಮುನ್ನ, ನಾವು ಮಾತು ಬಿಟ್ಟ ಒಬ್ಬರ ಹೆಸರನ್ನು ಮನಸ್ಸಿನಲ್ಲೇ ಪ್ರಭುವಿಗೆ ಹೇಳೋಣ. ಅವರು ಪಕ್ಕದ ಬೆಂಚಿನಲ್ಲಿ ಇಲ್ಲದಿರಬಹುದು, ದುಬೈಯಲ್ಲೋ ಮುಂಬಯಿಯಲ್ಲೋ ಇರಬಹುದು. ಆ ವಾರದೊಳಗೆ ಒಂದು ಫೋನ್ ಕರೆ ಮಾಡೋಣ, ಅಥವಾ ಅವರ ಅಂಗಳಕ್ಕೆ ಹೋಗೋಣ. ಹಣ ಕೊಡುವುದು ಬಾಕಿ ಇದ್ದರೆ ಕೊಟ್ಟು ಮುಗಿಸೋಣ. ಪಾಪನಿವೇದನೆಗೆ ಹೋಗಿ ಬಹಳ ದಿನಗಳಾಗಿದ್ದರೆ ಅಲ್ಲಿಂದಲೇ ಆರಂಭಿಸೋಣ, ಏಕೆಂದರೆ ತಾನು ಕ್ಷಮಿಸಲ್ಪಟ್ಟವನು ಎಂದು ತಿಳಿದವನಿಗೆ ಕ್ಷಮಿಸುವುದು ಸ್ವಲ್ಪ ಸುಲಭ. ವಾಡೊ ಮುಖಂಡರೇ, ಪಾಲನಾ ಮಂಡಳಿಯ ಸದಸ್ಯರೇ, ನನ್ನಂಥ ಗುರುಗಳೇ, ನಾವು ವೇದಿಕೆಯಿಂದ ಹೇಳುವ ಮೊದಲು ಮನೆಗೆ ಹೋಗಿ ಕೇಳೋಣ.

ಬಲಿಪೂಜೆಯ ಕೊನೆಯಲ್ಲಿ ಶಾಂತಿಯಿಂದ ಹೋಗಿಬನ್ನಿ ಎಂದು ನಮ್ಮನ್ನು ಕಳುಹಿಸುತ್ತಾರೆ. ಇಗರ್ಜಿಯ ಅಂಗಳದಿಂದ ಮನೆಯ ದಾರಿ ಹಿಡಿಯುವಾಗ, ನಾವು ಕೈಮುಗಿದು ಕೋರಿದ ಶಾಂತಿ ನಮ್ಮೊಂದಿಗೇ ಬರಲಿ, ಬೇಲಿಯ ಆಚೆಗೂ ತಲುಪಲಿ. ಶಾಂತಿಯ ಪ್ರಭು ನಿಮ್ಮೆಲ್ಲರ ಕುಟುಂಬಗಳನ್ನು ಹರಸಲಿ.