ಮೋಟಾರುಗಾಡಿಯ ಬ್ಯಾಟರಿಯೂ ಶೈತ್ಯಪೆಟ್ಟಿಗೆಯೂ: ಯಾದಗಿರಿ, ಶಹಾಪುರ, ಸುರಪುರಗಳ ಬೇಸಗೆಯನ್ನು ಕುರಿತ ಒಂದು ವಿವೇಚನೆ

ಕೃಷ್ಣೆ ಮತ್ತು ಭೀಮೆಯರ ನಡುವಣ ಬಯಲಿನಲ್ಲಿಯೂ ಅದರ ಅಂಚಿನಲ್ಲಿಯೂ ಇರುವ ಯಾದಗಿರಿ, ಶಹಾಪುರ, ಸುರಪುರ ಪಟ್ಟಣಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳ ಮಧ್ಯಾಹ್ನದ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸನ್ನು ಮೀರುವುದು ಸಾಮಾನ್ಯ. ಇವುಗಳಲ್ಲಿ ರೈಲುಮಾರ್ಗದ ಮೇಲಿರುವುದು ಯಾದಗಿರಿಯೊಂದೇ. ಶಹಾಪುರ, ಸುರಪುರಗಳಿಗೂ ಅವುಗಳ ಸುತ್ತಣ ಹಳ್ಳಿಗಳಿಗೂ ಸಾಮಗ್ರಿಗಳೆಲ್ಲ ರಸ್ತೆಯ ಮೂಲಕವೇ ಸಾಗಬೇಕು. ಹಾಲು, ಮೀನು, ಹೂವುಗಳು ಕೆಟ್ಟರೆ ನಷ್ಟವು ಹಣಕ್ಕೆ ಸೀಮಿತವಾಗುತ್ತದೆ. ಆದರೆ ಮಧುಮೇಹಿಗಳ ಇನ್ಸುಲಿನ್, ಮಕ್ಕಳಿಗೆ ಹಾಕುವ ಲಸಿಕೆ, ದನಕರುಗಳಿಗೆ ಕೊಡುವ ಲಸಿಕೆ ಇವು ಶಾಖದಿಂದ ಸತ್ತ್ವಹೀನವಾದರೆ ನೋಟಕ್ಕೆ ಯಾವ ವ್ಯತ್ಯಾಸವೂ ತೋರದಿರಬಹುದು. ನಷ್ಟವು ರೋಗಿಯ ಶರೀರದಲ್ಲಿ ಮಾತ್ರ ಪ್ರಕಟವಾಗುತ್ತದೆ. ಇವುಗಳಲ್ಲಿ ಬಹುಪಾಲನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕೆಂಬುದು ನಿಯಮ.

ಈ ಕಾರಣದಿಂದ ಕಾರಿನ 12 ವೋಲ್ಟ್ ವಿದ್ಯುತ್ತಿನಿಂದ ನಡೆಯುವ ಸಣ್ಣ ಶೈತ್ಯಪೆಟ್ಟಿಗೆಗಳು ಬಳಕೆಗೆ ಬಂದಿವೆ. ಅವುಗಳ ಜೊತೆಯಲ್ಲಿಯೇ ಒಂದು ದೂರೂ ಬಂದಿದೆ: ಗಾಡಿಯನ್ನು ನಿಲ್ಲಿಸಿ ಕೆಲಸ ಮುಗಿಸಿ ಬರುವಷ್ಟರಲ್ಲಿ ಬ್ಯಾಟರಿ ಬರಿದಾಗಿ, ಎಂಜಿನ್ ಚಾಲೂ ಆಗುವುದಿಲ್ಲ. ಈ ತೊಡಕಿನ ಮೂಲವೇನು, ಅದನ್ನು ಹೇಗೆ ನಿವಾರಿಸಬಹುದು ಎಂಬುದನ್ನು ಪದವಿ ತರಗತಿಯ ಭೌತಶಾಸ್ತ್ರದ ನೆರವಿನಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ಬ್ಯಾಟರಿಯ ಸ್ವಭಾವ

ಕಾರಿನ ಸೀಸ-ಆಮ್ಲ ಬ್ಯಾಟರಿಯು 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ರಚಿಸಿದ ಸಂಚಯಕದ ವಂಶಜ. ಸುಮಾರು ಎರಡೆರಡು ವೋಲ್ಟಿನ ಆರು ಕೋಶಗಳು ಅದರಲ್ಲಿ ಸಾಲಾಗಿ ಜೋಡಣೆಗೊಂಡಿವೆ. ವಿದ್ಯುತ್ತು ಹರಿಯುವಾಗ ಎರಡು ಬಗೆಯ ಫಲಕಗಳ ಮೇಲೂ ಸೀಸದ ಸಲ್ಫೇಟ್ ಕೂಡುತ್ತದೆ. ಮರಳಿ ವಿದ್ಯುತ್ತು ತುಂಬಿದಾಗ ಅದು ಕರಗುತ್ತದೆ. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸಲ್ಫೇಟಿನ ಹರಳುಗಳು ದಪ್ಪವಾಗಿ ಗಟ್ಟಿಗೊಂಡು ಮತ್ತೆ ಕರಗಲೊಲ್ಲವು. ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಗ್ಗುವುದು ಹೀಗೆ.

ಎಂಜಿನನ್ನು ಚಾಲೂ ಮಾಡುವ ಬ್ಯಾಟರಿಯ ಫಲಕಗಳು ತೆಳುವಾದವು. ಅಲ್ಪಕಾಲ ಬಹಳ ವಿದ್ಯುತ್ತನ್ನು ಕೊಡುವುದು ಅದರ ಧರ್ಮ. ದೀರ್ಘಕಾಲ ಸ್ವಲ್ಪಸ್ವಲ್ಪವಾಗಿ ಕೊಡುತ್ತ ಆಳವಾಗಿ ಬರಿದಾಗುವುದು ಅದಕ್ಕೆ ಒಗ್ಗದು. ಎಂಜಿನ್ ಚಾಲೂ ಮಾಡಲು 150 ಆಂಪಿಯರ್ ಪ್ರವಾಹವು 2 ಸೆಕೆಂಡು ಹರಿಯಿತೆಂದು ಭಾವಿಸಿದರೆ ವೆಚ್ಚವಾದದ್ದು 300 ಆಂಪಿಯರ್-ಸೆಕೆಂಡು, ಎಂದರೆ ಒಂದು ಆಂಪಿಯರ್-ಗಂಟೆಯ ಹನ್ನೆರಡನೆಯ ಒಂದು ಭಾಗ ಮಾತ್ರ. ಆದಕಾರಣ ಬ್ಯಾಟರಿಯನ್ನು ಬರಿದುಮಾಡುವುದು ಎಂಜಿನ್ನಿನ ಪ್ರಾರಂಭವಲ್ಲ. ಗಂಟೆಗಟ್ಟಲೆ ಮೌನವಾಗಿ ಹೀರುವ ಪೆಟ್ಟಿಗೆ.

ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿರುವ 35 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎಂಜಿನ್ ನಿಂತಿರುವಾಗ ಇದರ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ತೆಗೆಯದಿರುವುದು ಕ್ಷೇಮ. ಹಾಗಾದರೆ ನಮ್ಮ ಕೈಯಲ್ಲಿರುವ ಬಂಡವಾಳ ಸುಮಾರು 12 ಆಂಪಿಯರ್-ಗಂಟೆ, ಅಥವಾ 144 ವಾಟ್-ಗಂಟೆ. ಬಿಸಿನಾಡಿನಲ್ಲಿ ಬ್ಯಾಟರಿಯ ಒಳಗಣ ಸವೆತವೂ ತಾನಾಗಿ ಸೋರುವ ವಿದ್ಯುತ್ತೂ ಹೆಚ್ಚು. ಎರಡು ಮೂರು ಬೇಸಗೆಗಳನ್ನು ಕಂಡ ಬ್ಯಾಟರಿಯಲ್ಲಿ ಈ ಬಂಡವಾಳವನ್ನು ಇನ್ನೂ ಕಡಮೆಯೆಂದೇ ಎಣಿಸಬೇಕು.

2. ಪೆಟ್ಟಿಗೆಯೊಳಕ್ಕೆ ನುಗ್ಗುವ ಶಾಖ

ಶೈತ್ಯಪೆಟ್ಟಿಗೆಯು ತಂಪನ್ನು ಉತ್ಪಾದಿಸುವುದಿಲ್ಲ. ಒಳಗೆ ಬಂದ ಶಾಖವನ್ನು ಹೊರಕ್ಕೆ ಎತ್ತಿಹಾಕುತ್ತದೆ. ಆದುದರಿಂದ ಎಷ್ಟು ಶಾಖ ಒಳಬರುತ್ತದೆಂಬುದೇ ಮೊದಲ ಪ್ರಶ್ನೆ. ಸುಮಾರು 20 ಲೀಟರಿನ ಪೆಟ್ಟಿಗೆಯ ಮೈಯ ವಿಸ್ತೀರ್ಣ ಅರ್ಧ ಚದರ ಮೀಟರು. ಅದರ ಗೋಡೆಯಲ್ಲಿ 3 ಸೆಂಟಿಮೀಟರ್ ದಪ್ಪದ ನೊರೆಪ್ಲಾಸ್ಟಿಕ್ ಇದ್ದರೆ, ಒಳಹೊರಗಿನ ಪ್ರತಿಯೊಂದು ಡಿಗ್ರಿ ಅಂತರಕ್ಕೆ ಸುಮಾರು ಅರ್ಧ ವಾಟಿನಷ್ಟು ಶಾಖ ಒಳನುಗ್ಗುತ್ತದೆ. ಹೊರಗೆ 40 ಡಿಗ್ರಿ, ಒಳಗೆ 5 ಡಿಗ್ರಿ ಇದ್ದರೆ ಇದು 17.5 ವಾಟ್. ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಉಷ್ಣತೆ 60 ಡಿಗ್ರಿಗೆ ಏರಬಲ್ಲದು. ಆಗ ಅದೇ ಪೆಟ್ಟಿಗೆಗೆ 27.5 ವಾಟ್ ಶಾಖ ಬರುತ್ತದೆ. ಬೇವಿನ ಮರದ ನೆರಳಿಗೂ ಬಯಲಿನ ಬಿಸಿಲಿಗೂ ಇರುವ ಅಂತರವನ್ನು ಹೀಗೆ ವಾಟುಗಳಲ್ಲಿಯೇ ಅಳೆಯಬಹುದು.

ಇದಕ್ಕಿಂತ ದೊಡ್ಡ ಹೊರೆ ಮತ್ತೊಂದಿದೆ. 35 ಡಿಗ್ರಿಯಲ್ಲಿರುವ 10 ಲೀಟರ್ ನೀರನ್ನು 5 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 1256 ಕಿಲೋಜೂಲ್, ಎಂದರೆ 349 ವಾಟ್-ಗಂಟೆ. ನಮ್ಮ ಬಂಡವಾಳ 144 ವಾಟ್-ಗಂಟೆ ಮಾತ್ರ! ಬಿಸಿಯಾದ ಸೀಸೆಗಳನ್ನು ಪೆಟ್ಟಿಗೆಯಲ್ಲಿ ತುಂಬಿ, ಅವನ್ನು ತಣಿಸುವ ಕೆಲಸವನ್ನು ಬ್ಯಾಟರಿಗೆ ಒಪ್ಪಿಸುವುದು ಎಷ್ಟು ಅವಿವೇಕವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪೆಟ್ಟಿಗೆಯನ್ನೂ ಅದರೊಳಗಿಡುವ ವಸ್ತುಗಳನ್ನೂ ಹಿಂದಿನ ರಾತ್ರಿಯೇ ಮನೆಯ ವಿದ್ಯುತ್ತಿನಿಂದ ತಣಿಸಿರಬೇಕು. ದಾರಿಯಲ್ಲಿ ಆ ತಂಪನ್ನು ಕಾಯುವುದಷ್ಟೇ ಬ್ಯಾಟರಿಯ ಕೆಲಸವಾಗಿರಬೇಕು.

3. ಎರಡು ಬಗೆಯ ಪೆಟ್ಟಿಗೆಗಳು

ಅಗ್ಗದ ಪೆಟ್ಟಿಗೆಗಳು 1834ರಲ್ಲಿ ಪೆಲ್ಟಿಯೆ ಕಂಡ ಪರಿಣಾಮವನ್ನು ಆಧರಿಸಿವೆ. ಎರಡು ಭಿನ್ನ ವಾಹಕಗಳ ಸಂಧಿಯಲ್ಲಿ ವಿದ್ಯುತ್ತು ಹರಿದಾಗ ಒಂದು ಸಂಧಿ ತಣಿದು ಇನ್ನೊಂದು ಕಾಯುತ್ತದೆ. ಇವುಗಳಲ್ಲಿ ಕಂಪ್ರೆಸರ್ ಇಲ್ಲ, ದ್ರವವಿಲ್ಲ. ಆದರೆ ದಕ್ಷತೆ ಬಲು ಕಡಮೆ. 4 ಆಂಪಿಯರ್, ಎಂದರೆ 48 ವಾಟ್ ಹೀರಿ, ಅದು ಎತ್ತಿಹಾಕುವ ಶಾಖ ಸುಮಾರು 10 ವಾಟ್ ಎಂದಿಟ್ಟುಕೊಳ್ಳೋಣ. ಮೇಲಣ ಅರ್ಧ ವಾಟಿನ ಲೆಕ್ಕದಂತೆ ಒಳಹೊರಗಿನ ಅಂತರವು 20 ಡಿಗ್ರಿಯಾದಾಗ ಒಳಬರುವ ಶಾಖವೂ 10 ವಾಟ್ ಆಗಿ, ಉಷ್ಣತೆ ಅಲ್ಲಿಗೇ ನಿಲ್ಲುತ್ತದೆ. ಈ ಬಗೆಯ ಪೆಟ್ಟಿಗೆಗಳು ಹೊರಗಿನದಕ್ಕಿಂತ 15ರಿಂದ 20 ಡಿಗ್ರಿ ಮಾತ್ರ ತಣ್ಣಗಿರಬಲ್ಲವೆಂದು ತಯಾರಕರು ಹೇಳುವುದರ ಅರ್ಥ ಇದೇ.

ಇದರ ಪರಿಣಾಮವನ್ನು ಗಮನಿಸಬೇಕು. ಹವಾನಿಯಂತ್ರಣವಿರುವ ಕಾರು 26 ಡಿಗ್ರಿಯಲ್ಲಿ ಚಲಿಸುತ್ತಿದ್ದರೆ ಪೆಟ್ಟಿಗೆಯೊಳಗೆ 6 ಡಿಗ್ರಿ ಸಿಗಬಹುದು. ಅದೇ ಕಾರು ಸುರಪುರದಲ್ಲಿ 42 ಡಿಗ್ರಿಯ ನೆರಳಿನಲ್ಲಿ ನಿಂತರೆ ಒಳಗೆ 22 ಡಿಗ್ರಿ. ಬಿಸಿಲಿನಲ್ಲಿ ನಿಂತು ಒಳಗೆ 60 ಡಿಗ್ರಿಯಾದರೆ ಪೆಟ್ಟಿಗೆಯಲ್ಲಿ 40 ಡಿಗ್ರಿ. ಮೂರು ಗಂಟೆಗಳಲ್ಲಿ ನಮ್ಮ 12 ಆಂಪಿಯರ್-ಗಂಟೆಯೂ ಮುಗಿದಿರುತ್ತದೆ, ಔಷಧವೂ ಉಳಿದಿರುವುದಿಲ್ಲ. ವಿದ್ಯುತ್ತನ್ನು ನಿಲ್ಲಿಸಿದ ಬಳಿಕ ಅದೇ ಸಂಧಿಗಳ ಮೂಲಕ ಶಾಖವು ಒಳಕ್ಕೆ ಹರಿಯುವುದು ಈ ಪೆಟ್ಟಿಗೆಯ ಇನ್ನೊಂದು ದೋಷ.

ಕಂಪ್ರೆಸರ್ ಇರುವ ಪೆಟ್ಟಿಗೆಯು ಮನೆಯ ಶೈತ್ಯಯಂತ್ರದ ಚಿಕ್ಕ ರೂಪ. ಅದು ಒಂದು ವಾಟ್ ಹೀರಿ ಸುಮಾರು ಒಂದೂವರೆ ವಾಟ್ ಶಾಖವನ್ನು ಎತ್ತಿಹಾಕುವುದೆಂದು ಭಾವಿಸಬಹುದು. ಬೇಕಾದಷ್ಟು ತಣಿದೊಡನೆ ತಾನೇ ನಿಲ್ಲುತ್ತದೆ. ಮುಚ್ಚಳ ತೆರೆಯುವುದನ್ನೂ ಸೇರಿಸಿ ಹೊರೆ 25 ವಾಟ್ ಎಂದರೆ ಸರಾಸರಿ ವೆಚ್ಚ 17 ವಾಟ್, ಸುಮಾರು 1.4 ಆಂಪಿಯರ್. 12 ಆಂಪಿಯರ್-ಗಂಟೆಯಲ್ಲಿ ಅದು ನೆರಳಿನಲ್ಲಿ ಎಂಟು ಗಂಟೆಗಳಿಗೂ ಮೀರಿ ನಡೆಯುತ್ತದೆ. ಬಿಸಿಲಿನಲ್ಲಿ ಹೊರೆಯೂ ಹೆಚ್ಚಿ, ದಕ್ಷತೆಯೂ ಇಳಿದು, ವೆಚ್ಚವು 3 ಆಂಪಿಯರಿಗೆ ಏರಿದರೆ ಅವಧಿ ನಾಲ್ಕೇ ಗಂಟೆ.

4. ಚಲನೆಯಲ್ಲಿ ಮರಳಿ ಬರುವ ವಿದ್ಯುತ್ತು

ಎಂಜಿನ್ ಓಡುವಾಗ ಆಲ್ಟರ್ನೇಟರು ಸುಮಾರು 14 ವೋಲ್ಟಿನಲ್ಲಿ ಪೆಟ್ಟಿಗೆಯನ್ನೂ ನಡೆಸಿ ಬ್ಯಾಟರಿಯನ್ನೂ ತುಂಬುತ್ತದೆ. ಆದರೆ ಸೀಸ-ಆಮ್ಲ ಬ್ಯಾಟರಿಯು ವಿದ್ಯುತ್ತನ್ನು ನಿಧಾನವಾಗಿ ಸ್ವೀಕರಿಸುತ್ತದೆ. ಯಾದಗಿರಿಯಿಂದ ಭೀಮೆಯನ್ನು ದಾಟಿ ಶಹಾಪುರಕ್ಕೆ ಹೋಗಲು ಮುಕ್ಕಾಲು ಗಂಟೆ ಹಿಡಿಯಿತೆಂದೂ, ಸರಾಸರಿ 8 ಆಂಪಿಯರ್ ಬ್ಯಾಟರಿಗೆ ಸೇರಿತೆಂದೂ ಭಾವಿಸಿದರೆ, ಮರಳಿ ಬಂದದ್ದು 6 ಆಂಪಿಯರ್-ಗಂಟೆ. ನಿಂತಾಗ 12 ವೆಚ್ಚವಾಗಿದ್ದರೆ ಅರ್ಧ ಸಾಲ ಉಳಿಯಿತು. ಪ್ರತಿದಿನವೂ ಇಂಥ ಚಿಕ್ಕ ಪ್ರಯಾಣಗಳನ್ನೇ ಮಾಡುವವರ ಬ್ಯಾಟರಿಯು ಕೆಲವೇ ದಿನಗಳಲ್ಲಿ ಕೈಕೊಡುವುದಕ್ಕೆ ಈ ಕೂಡುತ್ತ ಹೋಗುವ ಸಾಲವೇ ಕಾರಣ. ಪೆಟ್ಟಿಗೆಗಾಗಿ ಎಂಜಿನನ್ನು ನಿಂತಲ್ಲೇ ಓಡಿಸುವುದು ಇಂಧನದ ಅಪವ್ಯಯ; ಮುಚ್ಚಿದ ಕೊಟ್ಟಿಗೆಯಲ್ಲಿ ಅದು ವಿಷಾನಿಲದಿಂದ ಪ್ರಾಣಾಪಾಯಕರ.

ತಂತಿಯ ವಿಷಯವನ್ನೂ ಮರೆಯಬಾರದು. ಬ್ಯಾಟರಿಯಿಂದ ಪೆಟ್ಟಿಗೆಗೆ 4 ಮೀಟರ್ ದೂರವಿದ್ದರೆ ಹೋಗಿಬರುವ ತಂತಿ 8 ಮೀಟರ್. ಅದು 1 ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ 5 ಆಂಪಿಯರ್ ಹರಿಯುವಾಗ 0.7 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ, 2.5 ಚದರ ಮಿಲಿಮೀಟರಿನದಾದರೆ 0.28 ವೋಲ್ಟ್. ವೋಲ್ಟೇಜು ಇಳಿದಾಗ ತಾನಾಗಿ ನಿಲ್ಲುವ ಏರ್ಪಾಡು ಉತ್ತಮ ಪೆಟ್ಟಿಗೆಗಳಲ್ಲಿರುತ್ತದೆ. ತೆಳು ತಂತಿಯಿದ್ದರೆ ಅದು ಬ್ಯಾಟರಿ ತುಂಬಿರುವಾಗಲೇ ಮೋಸಹೋಗಿ ಪೆಟ್ಟಿಗೆಯನ್ನು ನಿಲ್ಲಿಸುತ್ತದೆ. ದಪ್ಪ ತಂತಿ, ಬ್ಯಾಟರಿಯ ಬಳಿಯೇ ತಕ್ಕ ಫ್ಯೂಸು, ಕಡಿತದ ಮಟ್ಟವನ್ನು ಮೇಲಣ ಹಂತದಲ್ಲಿಡುವುದು ಈ ಮೂರೂ ಒಟ್ಟಿಗಿರಬೇಕು. ಕೆಲಕಾಲ ವಿಶ್ರಮಿಸಿದ ಬ್ಯಾಟರಿಯು 12.6 ವೋಲ್ಟ್ ತೋರಿದರೆ ತುಂಬಿದೆಯೆಂದೂ, 12.2 ತೋರಿದರೆ ಅರ್ಧವಾಗಿದೆಯೆಂದೂ ಸ್ಥೂಲವಾಗಿ ತಿಳಿಯಬಹುದು.

5. ಮಂಜುಗಡ್ಡೆಯೆಂಬ ಸಂಚಯಕ

ಒಂದು ಕಿಲೋಗ್ರಾಂ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಗುಪ್ತೋಷ್ಣವನ್ನು ಹೀರುತ್ತದೆ. ಇದು 93 ವಾಟ್-ಗಂಟೆ. 17.5 ವಾಟ್ ಒಳಬರುವ ನಮ್ಮ ಪೆಟ್ಟಿಗೆಯನ್ನು 2 ಕಿಲೋಗ್ರಾಂ ಮಂಜುಗಡ್ಡೆ ಹತ್ತು ಗಂಟೆಗೂ ಮಿಕ್ಕಿ ಕಾಯುತ್ತದೆ, ಬ್ಯಾಟರಿಯಿಂದ ಒಂದು ಆಂಪಿಯರನ್ನೂ ಬೇಡದೆ. ಆರೋಗ್ಯ ಕಾರ್ಯಕರ್ತೆಯರು ಹಳ್ಳಿಗಳಿಗೆ ಲಸಿಕೆಯನ್ನು ಒಯ್ಯುವ ಚಿಕ್ಕ ಪೆಟ್ಟಿಗೆಯು ನಾಲ್ಕು ಮಂಜಿನ ಪೊಟ್ಟಣಗಳ ಈ ತತ್ತ್ವದಿಂದಲೇ ನಡೆಯುತ್ತದೆ. ಅವರು ಪೊಟ್ಟಣಗಳನ್ನು ಹೊರಗಿಟ್ಟು, ಮೈ ಬೆವರಿ, ಅಲುಗಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾದು, ಬಳಿಕ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹೆಪ್ಪುಗಟ್ಟಿದರೆ ಕೆಲವು ಲಸಿಕೆಗಳೂ ಇನ್ಸುಲಿನ್ನೂ ಶಾಖ ತಗಲಿದಷ್ಟೇ ನಿಶ್ಚಿತವಾಗಿ ಕೆಡುತ್ತವೆ. ಈ ಎಚ್ಚರಿಕೆ ಅದಕ್ಕಾಗಿ. ಮನೆಯವರೂ ಇನ್ಸುಲಿನ್ನನ್ನು ಮಂಜಿಗೆ ತಾಗಿಸದೆ, ನಡುವೆ ಬಟ್ಟೆಯನ್ನೋ ರಟ್ಟನ್ನೋ ಇಡಬೇಕು.

ಈ ನಾಡಿನ ಗಾಳಿಯ ಶುಷ್ಕತೆಯೂ ನಮಗೆ ನೆರವಾಗಬಲ್ಲದು. 40 ಡಿಗ್ರಿ ಉಷ್ಣತೆ, ನೂರಕ್ಕೆ 20 ಆರ್ದ್ರತೆ ಇರುವ ಗಾಳಿಯಲ್ಲಿ ಒದ್ದೆ ಬಟ್ಟೆಯ ಉಷ್ಣತೆ ಸುಮಾರು 22 ಡಿಗ್ರಿಯವರೆಗೆ ಇಳಿಯಬಹುದು. ಮಣ್ಣಿನ ಹರವಿಯ ನೀರು ತಣ್ಣಗಿರುವುದು ಇದರಿಂದಲೇ. ಮಂಜುಗಡ್ಡೆಯ ಪೆಟ್ಟಿಗೆಗೆ ಒದ್ದೆ ಗೋಣಿತಟ್ಟು ಸುತ್ತಿ, ಗಾಳಿಯಾಡುವ ನೆರಳಿನಲ್ಲಿಟ್ಟರೆ ಒಳನುಗ್ಗುವ ಶಾಖ ಸಾಕಷ್ಟು ಕುಗ್ಗುತ್ತದೆ. ವಿದ್ಯುತ್ತಿನ ಪೆಟ್ಟಿಗೆಗೆ ಮಾತ್ರ ಹೀಗೆ ಮಾಡಕೂಡದು. ಅದರ ಗಾಳಿಕಿಂಡಿಗಳು ತೆರೆದಿರಬೇಕು.

6. ತರಗತಿಗೊಂದು ಪ್ರಯೋಗ

ಯಾವ ಪೆಟ್ಟಿಗೆಯ ಗುಣವನ್ನಾದರೂ ವಿದ್ಯಾರ್ಥಿಗಳು ತಕ್ಕಡಿಯಿಂದಲೇ ಕಂಡುಹಿಡಿಯಬಹುದು. ಕರಗತೊಡಗಿದ ಮಂಜುಗಡ್ಡೆಯನ್ನು ಪೆಟ್ಟಿಗೆಯಲ್ಲಿಟ್ಟು, 35 ಡಿಗ್ರಿಯ ಕೋಣೆಯಲ್ಲಿ ನಾಲ್ಕು ಗಂಟೆಗಳ ತರುವಾಯ ಕರಗಿದ ನೀರನ್ನು ತೂಗಬೇಕು. ಉದಾಹರಣೆಗೆ 0.6 ಕಿಲೋಗ್ರಾಂ ನೀರಾಗಿದ್ದರೆ ಒಳಬಂದ ಶಾಖ ಸುಮಾರು 2,00,400 ಜೂಲ್. ಅದನ್ನು 14,400 ಸೆಕೆಂಡುಗಳಿಂದಲೂ 35 ಡಿಗ್ರಿಯಿಂದಲೂ ಭಾಗಿಸಿದರೆ ಡಿಗ್ರಿಗೆ 0.4 ವಾಟ್ ಎಂಬ ಉತ್ತರ ಬರುತ್ತದೆ. ಈ ಒಂದು ಸಂಖ್ಯೆ ತಿಳಿದರೆ ಬ್ಯಾಟರಿಯ ಅವಧಿಯನ್ನೂ ಬೇಕಾದ ಮಂಜುಗಡ್ಡೆಯನ್ನೂ ಮೊದಲೇ ಲೆಕ್ಕಹಾಕಬಹುದು.

7. ಉಪಸಂಹಾರ

ಇಷ್ಟರಿಂದ ಹೊರಡುವ ನಿರ್ಣಯಗಳು ಸರಳವಾಗಿವೆ. ಒಂದು ದಿನದ ಪ್ರಯಾಣಕ್ಕೆ, ಅದರಲ್ಲಿಯೂ ಔಷಧಕ್ಕೆ, ಒಳ್ಳೆಯ ಗೋಡೆಯ ಪೆಟ್ಟಿಗೆಯೂ ಮಂಜಿನ ಪೊಟ್ಟಣವೂ ಸಾಕು. ಪೆಲ್ಟಿಯೆ ಪೆಟ್ಟಿಗೆಯನ್ನು ಚಲಿಸುವ, ತಂಪಾದ ಕಾರಿನಲ್ಲಿ ಮಾತ್ರ ನಂಬಬಹುದು. ಗಾಡಿ ನಿಂತೊಡನೆ ಅದನ್ನು ಬಿಡಿಸಿ ಮಂಜಿಗೆ ಮೊರೆಹೋಗಬೇಕು. ದಿನವಿಡೀ ನಿಲ್ಲುವವರಿಗೆ ಕಂಪ್ರೆಸರ್ ಪೆಟ್ಟಿಗೆಯೇ ತಕ್ಕದ್ದು. ರಾತ್ರಿಯೂ ನಡೆಯಬೇಕಾದರೆ ಅದಕ್ಕೆಂದೇ ಬೇರೊಂದು ಬ್ಯಾಟರಿ ಇರಬೇಕು, ಅದು ಎಂಜಿನ್ ಓಡುವಾಗ ಮಾತ್ರ ಮೂಲ ಬ್ಯಾಟರಿಗೆ ಕೂಡಿಕೊಳ್ಳುವಂತಿರಬೇಕು. ಯಾವ ಪೆಟ್ಟಿಗೆಯಾದರೂ ಸರಿ, ಅದರೊಳಗೊಂದು ಉಷ್ಣಮಾಪಕವಿರಲಿ. ಮುಚ್ಚಳವನ್ನು ಮುಟ್ಟಿ ತಣ್ಣಗಿದೆಯೆಂದು ಹೇಳುವ ಕೈಗೆ 8 ಡಿಗ್ರಿಗೂ 18 ಡಿಗ್ರಿಗೂ ಭೇದ ತಿಳಿಯದು. ರೋಗಿಯ ರಕ್ತಕ್ಕೆ ಅದು ತಿಳಿಯುತ್ತದೆ.