ಬನದವ್ವ ಸಾಕುವ ಊರು

ಬಾದಾಮಿಯಿಂದ ಐದು ಕಿಲೋಮೀಟರ್ ದೂರದಲ್ಲಿ, ಚೊಳಚಗುಡ್ಡದ ಮಗ್ಗುಲಲ್ಲಿ ಬನಶಂಕರಿಯ ಗುಡಿ ಇದೆ. ಈಕೆ ಚಾಲುಕ್ಯರ ಕುಲದೇವತೆ. 543ರಲ್ಲಿ ಆ ವಂಶದ ಮೊದಲನೆಯ ಪುಲಕೇಶಿ ಕೋಟೆ ಕಟ್ಟಿಸಿದ, 578ರಲ್ಲಿ ಮಂಗಳೇಶ ವಿಷ್ಣುವಿಗೆ ಗುಹಾಲಯ ಸಮರ್ಪಿಸಿದ ಬಾದಾಮಿಯನ್ನು ಇಂದು ಜನ ನೋಡಿ ಹೋಗುತ್ತಾರೆ. ಬನಶಂಕರಿಗೆ ಬಂದವರು ಬೇಡಿಕೊಳ್ಳುತ್ತಾರೆ, ಉಣ್ಣುತ್ತಾರೆ, ವ್ಯಾಪಾರ ಮಾಡುತ್ತಾರೆ, ನಾಟಕ ನೋಡುತ್ತಾರೆ. ಅರಸೊತ್ತಿಗೆ ಅಳಿದರೂ ದೇವಿಯ ಊರು ಬದುಕಿ ಉಳಿದಿದೆ.

ಈಗಿನ ಗುಡಿಯನ್ನು 1750ರ ಸುಮಾರಿಗೆ ಮರಾಠಾ ಸರದಾರ ಪರಶುರಾಮ ಅಗಳೆ ಜೀರ್ಣೋದ್ಧಾರ ಮಾಡಿಸಿದ. ಗರ್ಭಗುಡಿಯಲ್ಲಿ ಸಿಂಹದ ಮೇಲೆ ಕುಳಿತ, ಎಂಟು ತೋಳುಗಳ ಕಪ್ಪು ಶಿಲೆಯ ದೇವಿ. ಮುಂದೆ ಕಲ್ಲಿನ ಮಂಟಪಸಾಲುಗಳಿರುವ ವಿಶಾಲವಾದ ಹೊಂಡ, ಹರಿದ್ರಾತೀರ್ಥ. ಬರಗಾಲದಲ್ಲಿ ಕಾಯಿಪಲ್ಲೆ ಕೊಟ್ಟು ಜಗವನ್ನು ಸಾಕಿದ ಶಾಕಂಭರಿ ಈಕೆಯೇ ಎಂಬುದು ಭಕ್ತರ ನಂಬಿಕೆ. ಅದಕ್ಕೇ ಪುಷ್ಯ ಮಾಸದ ಬನದ ಹುಣ್ಣಿಮೆಯ ಹಿಂದಿನ ದಿನ ಪಲ್ಲೇದ ಹಬ್ಬ. ಅಂದು ನೂರೆಂಟು ಬಗೆಯ ತರಕಾರಿ ಪದಾರ್ಥಗಳು ನೈವೇದ್ಯಕ್ಕೆ ಬರುತ್ತವೆ. ಹುಣ್ಣಿಮೆಯ ದಿನ ತೇರು.

ತೇರು ಎಳೆದ ಮೇಲೆ ಜಾತ್ರೆ ಕಳೆಗಟ್ಟುತ್ತದೆ. ತುಳಸಿಗೇರಿ, ಬಾಗಲಕೋಟೆ, ಹುನಗುಂದ, ಇಳಕಲ್ ಸೀಮೆಯವರೆಲ್ಲ ಇಲ್ಲಿಗೆ ಬರುತ್ತಾರೆ. ಹೊಸ ಮನೆ ಕಟ್ಟುವವರು ಬಾಗಿಲು, ಚೌಕಟ್ಟು ನೋಡಲು ಜಾತ್ರೆಗೇ ಕಾಯುತ್ತಾರೆ. ಹೆಣ್ಣುಮಕ್ಕಳು ಗುಳೇದಗುಡ್ಡದ ಮಗ್ಗದಲ್ಲಿ ನೇಯ್ದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ತಂದು ದೇವಿಗೆ ಉಡಿ ತುಂಬುತ್ತಾರೆ. ಗುಡಿಯ ಈ ಒಂದು ಸಂಪ್ರದಾಯದಿಂದಲೇ ನೇಕಾರರ ಮಗ್ಗಕ್ಕೂ ಕೆಲಸ ಹುಟ್ಟುತ್ತದೆ.

ಹೊಂಡದ ದಂಡೆಯಲ್ಲಿ ಸುತ್ತಲಿನ ಹಳ್ಳಿಗಳ ತಾಯಂದಿರು ಬುಟ್ಟಿ ಇಳಿಸಿಕೊಂಡು ಕೂತಿರುತ್ತಾರೆ. "ಬರ್ರಿ ಯಣ್ಣಾ, ಊಟ ಮಾಡ್ರಿ" ಎಂದು ಕರೆಯುತ್ತಾರೆ. ಅರಿವೆ ಬಿಚ್ಚಿದರೆ ಜೋಳದ ಖಡಕ್ ರೊಟ್ಟಿ; ಮೇಲೆ ಬದನೆಕಾಯಿ ಪಲ್ಯ, ಹೆಸರುಕಾಳಿನ ಪಲ್ಯ, ಕೆಂಪು ಚಟ್ನಿ, ಶೇಂಗಾ ಹಿಂಡಿ. ಗಡಿಗೆಯಿಂದ ಕೈಯಾರೆ ತೆಗೆದು ಹಾಕುವ ಗಟ್ಟಿ ಮೊಸರು. ರೊಟ್ಟಿಯೇ ತಾಟು. ಜಾತ್ರೆ ಮುಗಿದ ಮೇಲೂ ಈ ಬುಟ್ಟಿಗಳು ದಂಡೆ ಬಿಡುವುದಿಲ್ಲ. ಎಷ್ಟೋ ಮನೆಗಳ ಒಲೆ ಉರಿಯುವುದು ಇದರಿಂದಲೇ.

ಕತ್ತಲಾದರೆ ನಾಟಕ ಕಂಪನಿಗಳ ಸರದಿ. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಕಂಪನಿಯಂಥವು ಇಲ್ಲಿ ಕ್ಯಾಂಪ್ ಹಾಕುತ್ತವೆ. ತಗಡಿನ ಥಿಯೇಟರಿನಲ್ಲಿ ಒಂದರ ಹಿಂದೊಂದು ಆಟ, ಬೆಳಗಿನ ಜಾವದವರೆಗೆ. ವೃತ್ತಿ ರಂಗಭೂಮಿಗೆ ಬನಶಂಕರಿ, ಶಿರಸಿ ಮಾರಿಕಾಂಬೆಯಂಥ ಜಾತ್ರೆಗಳೇ ಆಸರೆ. ಉಳಿದ ತಿಂಗಳುಗಳ ನಷ್ಟವನ್ನು ತುಂಬಿಕೊಳ್ಳುವ ಕಾಲ ಇದು. ಇಲ್ಲಿ ಪ್ರೇಕ್ಷಕರು ಕಡಿಮೆಯಾದರೆ ಎಷ್ಟೋ ಕಲಾವಿದರ ವರ್ಷದ ಅನ್ನವೇ ಕಡಿಮೆಯಾಗುತ್ತದೆ.

ಹಳೆಯ ಗುಡಿಯೆಂದರೆ ಕಲ್ಲು, ಶಾಸನಗಳ ರಕ್ಷಣೆ ಎಂದಷ್ಟೇ ನಾವು ಯೋಚಿಸುತ್ತೇವೆ. ಅದನ್ನು ನಂಬಿ ಬದುಕುವ ರೊಟ್ಟಿ ಬುಟ್ಟಿ, ಮಗ್ಗ, ರಂಗದ ಪರದೆಗಳೂ ಅಷ್ಟೇ ಮುಖ್ಯ. ಬಾದಾಮಿ ಗುಹೆಗಳಿಗೆ ಬಂದವರು ಅಲ್ಲಿಂದಲೇ ತಿರುಗಬಾರದು. ಬನಶಂಕರಿಗೂ ಬರಬೇಕು, ದಂಡೆಯಲ್ಲಿ ಕೂತು ಉಣ್ಣಬೇಕು. ಜಾತ್ರೆಯ ದಿನವಾಗಿದ್ದರೆ ಟಿಕೀಟು ಕೊಂಡು ಒಂದು ನಾಟಕವನ್ನೂ ಪೂರಾ ನೋಡಬೇಕು.